ನಾಳೆಗೆ ಎತ್ತಿಟ್ಟ ಅನ್ನ

ಮದುವೆಯ ಊಟ ಮುಗಿದ ಮೇಲೆ ಕಲ್ಯಾಣಮಂಟಪದ ಹಿಂದೆ ಏನಾಗುತ್ತದೆ ಎಂಬುದನ್ನು ನಾನು ಮೊದಲು ನೋಡಿದ್ದು ನಮ್ಮ ಶಾಲೆಯ ಮೇಷ್ಟರೊಬ್ಬರ ಮಗಳ ಮದುವೆಯಲ್ಲಿ. ಮುಂದಿನ ನಲ್ಲಿಗಳ ಹತ್ತಿರ ಜನ ತುಂಬಿಕೊಂಡಿದ್ದರು. ಕೈ ತೊಳೆಯಲು ಹಿಂಬಾಗಿಲಿಗೆ ಹೋದೆ. ಅಡುಗೆಯವರಿಬ್ಬರು ದೊಡ್ಡ ಪಾತ್ರೆಯೊಂದನ್ನು ಎರಡೂ ಬದಿಯಿಂದ ಹಿಡಿದು ಗುಂಡಿಗೆ ಬಗ್ಗಿಸುತ್ತಿದ್ದರು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ನನ್ನನ್ನು ನೋಡಿ ಒಬ್ಬ ಸ್ವಲ್ಪ ನಾಚಿಕೊಂಡ. "ಏನ್ ಮಾಡೂದ್ರೀ ಟೀಚರ್, ಇನ್ನೊಂದು ತಾಸಿಗೆ ಪಾತ್ರಿ ವಾಪಸ್ ಕೊಡಬೇಕು" ಅಂದ.

ನಾನು ದೇವದುರ್ಗದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತೇನೆ. ಊರು ಮಾನ್ವಿ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆತಂದು ಇಲ್ಲೇ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಅವತ್ತು ಮದುವೆಯಿಂದ ಮನೆಗೆ ಬರುವಾಗ ದಾರಿಯಲ್ಲಿ ಶಾಮಿಯಾನದ ಅಂಗಡಿಯ ಚಾಚಾ ಸಿಕ್ಕರು. ಊರಿನ ಎಲ್ಲ ಮದುವೆಗೂ ಕುರ್ಚಿ, ಪಾತ್ರೆ ಕೊಡುವವರು ಅವರೇ. ನೋಡಿದ್ದನ್ನು ಹೇಳಿದೆ. "ನಾ ಮೂವತ್ತು ವರ್ಷದಿಂದ ನೋಡ್ಲಿಕತ್ತೀನಿ ಟೀಚರಮ್ಮಾ" ಅಂದರು. "ಪಾತ್ರಿ ತರಾಕ ಹೆಂಗೂ ನನ್ನ ಗಾಡಿ ಹೋಗ್ತದ. ಉಳಿದಿದ್ದು ಎಲ್ಲಿಗೆ ಒಯ್ಯಬೇಕು ಅಂತ ನೀವು ಹೇಳ್ರಿ, ನಾ ಒಯ್ತೀನಿ."

ಎಲ್ಲಿಗೆ ಎಂದು ಯೋಚಿಸಬೇಕಾದ ಪ್ರಮೇಯವೇ ಇರಲಿಲ್ಲ. ಊರ ಹೊರಗೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕೆಲಸಕ್ಕೆ ಬಂದವರು ಬಯಲಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಕೆಲವರು ಯಾಪಲದಿನ್ನಿ ಕಡೆಯವರು, ಇನ್ನು ಕೆಲವರು ನದಿ ದಾಟಿ ಬಂದ ತೆಲುಗಿನವರು. ನಾನು ಶಾಲೆಗೆ ಹೋಗುವ ಹೊತ್ತಿಗೆ ಗಂಡಸರು, ಹೆಂಗಸರು ಎಲ್ಲ ಕೆಲಸಕ್ಕೆ ಹೋಗಿಬಿಟ್ಟಿರುತ್ತಿದ್ದರು. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಮಾತ್ರ ಶೆಡ್ಡುಗಳ ನೆರಳಿನಲ್ಲಿ ಕೂತಿರುತ್ತಿದ್ದವು. ಅವು ಆಡುತ್ತಿರಲಿಲ್ಲ. ಅದೇ ನನ್ನ ಕಣ್ಣಿಗೆ ಬಿದ್ದಿದ್ದು. ಆ ವಯಸ್ಸಿನ ಮಕ್ಕಳು ಆಡದೆ ಕೂತಿವೆ ಎಂದರೆ ಒಂದೋ ಜ್ವರ, ಇಲ್ಲವೇ ಹಸಿವು.

ಅವ್ವನಿಗೆ ಹೇಳಿದಾಗ ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರವನ್ನು ಪಕ್ಕಕ್ಕಿಟ್ಟಳು. ಅವ್ವ ಮಾನ್ವಿಯ ಸುತ್ತಲಿನ ಗದ್ದೆಗಳಲ್ಲಿ ನಾಟಿ ಹಚ್ಚಿ, ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. ನಾನು ಸಣ್ಣವಳಿದ್ದಾಗ ದೊಡ್ಡವರ ಮನೆಯಲ್ಲಿ ಮದುವೆಯಾದರೆ ನಮ್ಮ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಮನೆಯ ಹಿಂದೆ ಕಾಯುತ್ತಿದ್ದರು. ಅವ್ವನೂ ಕಾಯುತ್ತಿದ್ದಳು. ಆ ಹುಗ್ಗಿಯ ರುಚಿ ನನಗೆ ನೆನಪಿದೆ. ಅವ್ವ ಆ ವಿಷಯ ಯಾವತ್ತೂ ಎತ್ತಿದವಳಲ್ಲ.

"ಹಂಚಬ್ಯಾಡ ಅನ್ನಾಂಗಿಲ್ಲ ನಾನು" ಅಂದಳು. "ಆದ್ರ ಒಂದು ತಿಳ್ಕೋ. ನಾವು ಹಿಂದ ನಿಂತು ಇಸ್ಕೊಂಡವರು. ಇದು ಯಾವ ಹೊತ್ತಿನ ಅನ್ನ ಅಂತ ಕೇಳಾಕ ನಮಗ ಬಾಯಿ ಇರ್ತಿರಲಿಲ್ಲ. ನೀ ಕೊಡಾಕಿ ಅದಿ. ನೀನರ ಕೇಳು."

ನಾನು ಕೇಳುತ್ತಿದ್ದೆ. ಎಷ್ಟು ಹೊತ್ತಿಗೆ ಬೇಯಿಸಿದ್ದು, ಮುಚ್ಚಿಟ್ಟಿದ್ದರೋ ತೆರೆದಿಟ್ಟಿದ್ದರೋ, ಮೊಸರು ಹಾಕಿದ್ದಾರೋ ಎಂದು ಅಡುಗೆಯವರನ್ನು ಕಾಡುತ್ತಿದ್ದೆ. ಮೂಸಿ ನೋಡುತ್ತಿದ್ದೆ, ಒಂದು ತುತ್ತು ತಿಂದು ನೋಡುತ್ತಿದ್ದೆ. ಶೆಡ್ಡಿಗೆ ಹೋದ ಮೇಲೆ ಬಡಿಸುವ ಮೊದಲು, ಪಾಠ ಹೇಳುವವಳ ದನಿಯಲ್ಲೇ, "ಈಗಲೇ ಉಣ್ಣಬೇಕು, ರಾತ್ರಿಗೆ, ನಾಳಿಗೆ ಇಡಬಾರದು" ಎನ್ನುತ್ತಿದ್ದೆ. ಅವರು "ಹೂನ್ರೀ" ಎಂದು ತಲೆಯಾಡಿಸುತ್ತಿದ್ದರು. ಮದುವೆ ಇದ್ದ ವಾರ ಎರಡು ಸಲ ಹೋಗುತ್ತಿದ್ದೆವು. ಇಲ್ಲದಿದ್ದರೆ ಹದಿನೈದು ದಿನವಾದರೂ ಆ ಕಡೆ ಹಾಯುತ್ತಿರಲಿಲ್ಲ. ಹಾಗೆ ಹೋಗದ ದಿನಗಳ ಬಗ್ಗೆ ನಾನು ಯೋಚಿಸುತ್ತಲೇ ಇರಲಿಲ್ಲ. ಕೊಟ್ಟ ದಿನಗಳು ಮಾತ್ರ ನನ್ನ ಲೆಕ್ಕದಲ್ಲಿದ್ದವು.

ಅದು ಮಾರ್ಚ್ ತಿಂಗಳ ಒಂದು ಭಾನುವಾರ. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಚಾಚಾ ಫೋನ್ ಮಾಡಿದರು. ಎರಡು ದೊಡ್ಡ ಪಾತ್ರೆ ಪಲಾವ್ ಉಳಿದಿದೆ ಎಂದರು. ಹೋದೆ, ಮೂಸಿದೆ, ತಿಂದೆ. ಚೆನ್ನಾಗಿಯೇ ಇತ್ತು. ಶೆಡ್ಡುಗಳ ಮುಂದೆ ಗಾಡಿ ನಿಲ್ಲಿಸಿದಾಗ ಹೆಂಗಸರು ಡಬ್ಬಿ, ಬೋಗುಣಿ, ಬಕೀಟು ಹಿಡಿದು ಬಂದರು. ಯಾಪಲದಿನ್ನಿ ಕಡೆಯ ಒಬ್ಬ ಹೆಂಗಸು ಮುಚ್ಚಳವಿದ್ದ ಸ್ಟೀಲಿನ ಡಬ್ಬಿ ತಂದಿದ್ದಳು. ಅವಳ ಸೀರೆಯ ಸೆರಗು ಹಿಡಿದು ನಾಲ್ಕು ವರ್ಷದ ಹೆಣ್ಣುಮಗು ನಿಂತಿತ್ತು. ಹಣೆಗೆ ಅಡ್ಡ ಬಿದ್ದ ಕೂದಲು ಕೆಂಪಗಿತ್ತು, ಹೊಟ್ಟೆ ಮುಂದೆ ಬಂದಿತ್ತು. ಡಬ್ಬಿ ತುಂಬಿದ ಮೇಲೂ ತಾಯಿ ಕೈ ಹಿಂದಕ್ಕೆ ತೆಗೆಯಲಿಲ್ಲ. "ಇನ್ನೊಂದಿಷ್ಟು ಒತ್ತಿ ಹಾಕ್ರಿ ಟೀಚರ್" ಅಂದಳು. ಸೌಟಿನ ಹಿಂಬದಿಯಿಂದ ಒತ್ತಿ, ಮತ್ತೆ ಹಾಕಿದೆ. ಅವಳು ಮುಚ್ಚಳವನ್ನು ಗುದ್ದಿ ಗುದ್ದಿ ಮುಚ್ಚಿದಳು.

ಮರುದಿನ ಎರಡನೇ ಪೀರಿಯಡ್‌ನಲ್ಲಿ ನನ್ನ ಫೋನು ಮೂರು ಸಲ ನಡುಗಿತು. ತರಗತಿಯಲ್ಲಿ ಫೋನ್ ತೆಗೆಯುವುದಿಲ್ಲ. ನಾಲ್ಕನೇ ಸಲಕ್ಕೆ ಹೊರಗೆ ಬಂದೆ. ಚಾಚಾ.

"ಟೀಚರಮ್ಮಾ, ಶೆಡ್ಡಿನ ಮಕ್ಕಳಿಗೆ ವಾಂತಿ, ಜುಲಾಬು ಹತ್ಯಾವಂತ. ಮೂರು ಮಕ್ಕಳು. ದವಾಖಾನಿಗೆ ತಂದಾರ."

"ಯಾವಾಗಿಂದ?"

"ಮುಂಜಾನಿ ಉಂಡ ಮ್ಯಾಲ ಅಂತಾರ."

ಏನು ಉಂಡವು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಆಮೇಲೆ ಅವರು ದನಿ ತಗ್ಗಿಸಿ, "ಗಾಡಿ ನಂದು ಅದ, ಅಮ್ಮಾ. ಪಾತ್ರಿ ನಂದು. ನಾಳಿ ಯಾರರ ಏನರ ಅಂದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು. ನನ್ನೊಳಗೂ ಅದೇ ಓಡುತ್ತಿತ್ತು. ಪೇಪರಿನಲ್ಲಿ ಬರುತ್ತದೆ, ಶಿಕ್ಷಕಿ ಕೊಟ್ಟ ಅನ್ನ ಎಂದು ಬರೆಯುತ್ತಾರೆ, ಮೇಲಿನವರು ಕರೆಸುತ್ತಾರೆ. ನಮ್ಮ ಕೇರಿಯಿಂದ ನೌಕರಿ ಸೇರಿದವರಲ್ಲಿ ನಾನು ಎಷ್ಟನೆಯವಳು, ಅವ್ವ ಅದಕ್ಕಾಗಿ ಎಷ್ಟು ವರ್ಷ ಬಗ್ಗಿ ನಡೆದಳು, ಎಲ್ಲ ಒಂದೇ ಗಳಿಗೆಯಲ್ಲಿ ತಲೆಗೆ ಬಂತು. ಮಕ್ಕಳ ಮುಖ ಬಂದಿದ್ದು ಅದಾದ ಮೇಲೆ. ಇದನ್ನು ಇವತ್ತು ಬರೆಯುವಾಗಲೂ ನನಗೆ ಮುಜುಗರವಾಗುತ್ತದೆ. ಆದರೆ ಆದದ್ದು ಹಾಗೆಯೇ.

ಹೆಡ್‌ಮಾಸ್ಟರ್ ಹತ್ತಿರ ಅರ್ಧ ದಿನದ ರಜೆ ಬರೆದುಕೊಟ್ಟು ಆಸ್ಪತ್ರೆಗೆ ಓಡಿದೆ. ಮೂವರಲ್ಲಿ ಇಬ್ಬರು ಮಕ್ಕಳು ಅಳುತ್ತಿದ್ದರು. ಅಳು ಕೇಳಿ ಜೀವ ಬಂತು. ನರ್ಸು ಸಕ್ಕರೆ ಉಪ್ಪಿನ ಪುಡಿ ಕದಡಿದ ನೀರನ್ನು ಚಮಚದಿಂದ ಕುಡಿಸುತ್ತಿದ್ದರು. ಮೂರನೆಯದು ಆ ಸ್ಟೀಲ್ ಡಬ್ಬಿಯವಳ ಮಗಳು. ಅದು ಅಳುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿ ತಾಯಿಯ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಡಾಕ್ಟರು ಅದರ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಚರ್ಮ ಕೂಡಲೇ ಕೆಳಗಿಳಿಯಲಿಲ್ಲ. ಅದರ ಅರ್ಥ ನನಗೆ ಗೊತ್ತಿತ್ತು: ಮೈಯಲ್ಲಿನ ನೀರು ಬತ್ತಿಹೋಗಿದೆ.

"ಏನು ಉಣ್ಣಿಸಿದ್ದಿ?" ಡಾಕ್ಟರು ತಾಯಿಯನ್ನು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ಒಂದೇ ಗಳಿಗೆ. ಆಮೇಲೆ ಡಾಕ್ಟರ ಕಡೆ ತಿರುಗಿ, "ಮನ್ಯಾಗ ಮಾಡಿದ್ದೇ ರೀ. ರೊಟ್ಟಿ, ಬ್ಯಾಳಿ" ಅಂದಳು.

ಉಳಿದ ಇಬ್ಬರು ತಾಯಂದಿರೂ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಬಾಗಿಲ ಹತ್ತಿರ, ಪರ್ಸನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಬಾಯಿ ತೆರೆದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಡಾಕ್ಟರು ಸಲೈನ್ ಹಚ್ಚಲು ನರ ಹುಡುಕಿದರು, ಕಷ್ಟಪಟ್ಟು ಒಂದು ಸಿಕ್ಕಿತು. "ಕೂಸಿಗೆ ಮೊದಲೇ ಶಕ್ತಿ ಇಲ್ಲ. ರಾಯಚೂರಿಗೆ ಕಳಿಸ್ತೀವಿ, ತಡ ಮಾಡೂದು ಬ್ಯಾಡ" ಅಂದರು.

ಮಗುವಿನ ಅಪ್ಪ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ. ತಾಯಿ ಒಬ್ಬಳೇ. ಆಂಬುಲೆನ್ಸ್ ಬಾಗಿಲಲ್ಲಿ ನಿಂತು ಹತ್ತಲೋ ಬೇಡವೋ ಎಂದು ಸುತ್ತಮುತ್ತ ನೋಡಿದಳು. ನಾನು ಹತ್ತಿ ಅವಳ ಕೈ ಹಿಡಿದೆಳೆದೆ.

ದಾರಿಯುದ್ದಕ್ಕೂ ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ರಸ್ತೆಯ ಗುಂಡಿಗೆ ಗಾಡಿ ಜಿಗಿದಾಗ ಅದರ ತಲೆ ಅತ್ತಿತ್ತ ಹೊರಳುತ್ತಿತ್ತು. ಆಗೆಲ್ಲ ನಾನು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಎಂಟನೆಯ ತರಗತಿಗೆ ಪ್ರತಿ ವರ್ಷ ನಾನು ಪಾಠ ಮಾಡುತ್ತೇನೆ: ಬೇಯಿಸಿದ ಅನ್ನವನ್ನು ಬೆಚ್ಚಗೆ ಮುಚ್ಚಿಟ್ಟರೆ ಅದರಲ್ಲಿ ಏನು ಬೆಳೆಯುತ್ತದೆ, ವಾಸನೆ ಬರುವ ಮೊದಲೇ ಅದು ಹೇಗೆ ವಿಷವಾಗಬಹುದು. ತಗಡಿನ ಶೆಡ್ಡು, ಮಾರ್ಚ್ ತಿಂಗಳು, ಒತ್ತಿ ತುಂಬಿ ಗುದ್ದಿ ಮುಚ್ಚಿದ ಡಬ್ಬಿ. ಒತ್ತಿ ತುಂಬಿದ್ದು ನನ್ನ ಸೌಟು.

ಅರ್ಧ ದಾರಿ ದಾಟಿದ ಮೇಲೆ ಕೇಳಿದೆ. "ನಿನ್ನೆ ಉಣ್ಣಲಿಲ್ಲೇನು? ಆಗಲೇ ಉಣ್ಣ್ರಿ ಅಂತ ಹೇಳಿದ್ದೆ."

ಅವಳು ನನ್ನ ಕಡೆ ನೋಡಲಿಲ್ಲ. "ಉಂಡಿವ್ರಿ. ಅರ್ಧ ಉಂಡಿವಿ. ಅರ್ಧ ಇಟ್ಟೆ."

"ಯಾಕ?"

"ಮತ್ತ ನೀವು ಯಾವಾಗ ಬರ್ತೀರೋ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋದ ಸಲ ಬಂದು ಹೋದವ್ರು ಅಮಾಸಿ ಕಳೆದ್ರೂ ಬರಲಿಲ್ಲ. ನಾ ಮುಂಜಾನಿ ಕೆಲಸಕ್ಕ ಹೋದ್ರ ಇದು ಸಂಜಿತನಾ ಒಂದೇ ಇರ್ತದ. ಅದಕ್ಕ ಅಂತ ಇಟ್ಟೆ. ನಾ ಮುಂಜಾನಿ ಒಂದು ತುತ್ತೂ ತಿನ್ನಲಿಲ್ರೀ. ತಿಂದಿದ್ರ ನನಗ ಆಗ್ತಿತ್ತು, ಇದಕ್ಕ ಆಗ್ತಿರಲಿಲ್ಲ."

"ಡಾಕ್ಟರ್ ಮುಂದ ಮನಿ ಅಡಗಿ ಅಂತ ಯಾಕ ಹೇಳಿದಿ?"

"ನಿಮ್ಮ ಹೆಸರು ಹೇಳಿದ್ರ ನೀವು ಬರೂದು ಬಿಡ್ತೀರಿ."

ಅವಳು ಸುಳ್ಳು ಹೇಳಿದ್ದು ನನ್ನನ್ನು ಉಳಿಸಲು ಎಂದುಕೊಂಡಿದ್ದೆ. ಅವಳಿಗೆ ನನ್ನ ನೌಕರಿಯ ಚಿಂತೆ ಏನೂ ಇರಲಿಲ್ಲ. ಮುಂದೆ ಎಂದೋ ಒಂದು ಭಾನುವಾರ ಬರಬಹುದಾದ ಇನ್ನೊಂದು ಡಬ್ಬಿ ಅನ್ನವನ್ನು ಅವಳು ಉಳಿಸಿಕೊಳ್ಳುತ್ತಿದ್ದಳು.

ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಡಾಕ್ಟರು ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರೂ ಅದೇ ಪ್ರಶ್ನೆ ಕೇಳಿದರು. ತಾಯಿ ಮತ್ತೆ "ರೊಟ್ಟಿ, ಬ್ಯಾಳಿ" ಎಂದು ಶುರು ಮಾಡಿದಳು. ಮಗುವಿನ ತುಟಿ ಒಣಗಿ ಬಿರುಕು ಬಿಟ್ಟಿತ್ತು.

"ಅಲ್ಲ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ನಿನ್ನೆ ಮಧ್ಯಾಹ್ನ ಮದುವಿ ಮನಿ ಪಲಾವ್. ನಾನು ಕೊಟ್ಟಿದ್ದು. ಮುಚ್ಚಿಟ್ಟು ಇವತ್ತು ಮುಂಜಾನಿ ಉಣ್ಣಿಸ್ಯಾರ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ದೇವದುರ್ಗದಾಗ ಇದನ್ನ ಹೇಳೀರೇನು?"

"ಇಲ್ಲ."

"ಯಾಕ?"

"ಹೆದರಿದೆ."

ಅವರು ಎಷ್ಟು ಹೊತ್ತಿಗೆ ಉಂಡಿತು, ಎಷ್ಟು ಸಲ ವಾಂತಿಯಾಯಿತು, ಇನ್ನೂ ಯಾರು ಯಾರು ಆ ಅನ್ನ ಉಂಡಿದ್ದಾರೆ ಎಂದು ಒಂದೊಂದೇ ಕೇಳಿ ಬರೆದುಕೊಂಡರು. "ಉಳಿದವರ ಡಬ್ಬ್ಯಾಗ ಇನ್ನೂ ಇದ್ರ ಮೊದಲು ಚೆಲ್ಲಸ್ರಿ" ಅಂದರು. ಅಷ್ಟು ಹೊತ್ತು ನನಗೆ ಆ ವಿಚಾರವೇ ಹೊಳೆದಿರಲಿಲ್ಲ. ವರಾಂಡಕ್ಕೆ ಓಡಿ ಚಾಚಾಗೆ ಫೋನ್ ಮಾಡಿದೆ. ಅವಸರದಲ್ಲಿ ಎರಡು ಸಲ ಬೇರೆ ಯಾರಿಗೋ ಹೋಯಿತು. ಚಾಚಾ ಆಗಲೇ ಶೆಡ್ಡಿನಲ್ಲಿದ್ದರು. ಅವ್ವನೂ ಅಲ್ಲೇ ಇದ್ದಳು. ಇಬ್ಬರೂ ಮನೆ ಮನೆ ತಿರುಗಿ ಡಬ್ಬಿ ತೆಗೆಸಿ ನೋಡುತ್ತಿದ್ದರು.

ಫೋನನ್ನು ಅವ್ವ ಇಸಿದುಕೊಂಡಳು. "ಏಳು ಮನ್ಯಾಗ ಇಟ್ಟಿದ್ರು" ಅಂದಳು. "ಒಬ್ಬಾಕಿ ಚೆಲ್ಲಾಕ ಒಲ್ಲೆ ಅಂತ ಅತ್ತಳು. ಕೂಸು ಹೆಂಗದ?"

"ಸಲೈನ್ ಹಚ್ಯಾರ."

"ನೀ ಹೇಳಿದೇನು, ಅನ್ನ ನಿಂದು ಅಂತ?"

"ಹೇಳಿದೆ."

"ಹೂಂ" ಅಂದಳು ಅವ್ವ.

ವಾರ್ಡಿಗೆ ವಾಪಸ್ಸು ಬಂದಾಗ ತಾಯಿ ನನ್ನ ಜೊತೆ ಮಾತಾಡಲಿಲ್ಲ. ಸಂಜೆಯವರೆಗೂ ಆಡಲಿಲ್ಲ. ಮಗುವಿನ ಪಾದವನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ಒಮ್ಮೆ ಮಾತ್ರ, "ಹೇಳಬಾರದಿತ್ರಿ ನೀವು" ಅಂದಳು. ಆ ದಿನ ನಾನು ಸಲೈನಿನ ಹನಿಗಳನ್ನು ನೋಡಿದಷ್ಟು ಗಮನದಿಂದ ಬದುಕಿನಲ್ಲಿ ಮತ್ತೇನನ್ನೂ ನೋಡಿಲ್ಲ. ಎರಡು ಹನಿಗಳ ನಡುವೆ ಸ್ವಲ್ಪ ತಡವಾದರೂ ನರ್ಸನ್ನು ಕರೆಯುತ್ತಿದ್ದೆ. ಆಕೆ ಬೇಸರಪಟ್ಟುಕೊಳ್ಳದೆ ಬಂದು ನೋಡಿ, "ಹನಿ ಸರಿ ಅದ ಮೇಡಂ, ನೀವು ಕುಂದ್ರಿ" ಎಂದು ಹೋಗುತ್ತಿದ್ದರು. ಮಗು ಮೂತ್ರ ಮಾಡಿದರೆ ಹೇಳಿ ಎಂದಿದ್ದರು ಡಾಕ್ಟರು. ಕತ್ತಲಾದರೂ ಮಾಡಲಿಲ್ಲ. ಬೆಳಗಿನ ಆರು ಗಂಟೆಗೆ ಅದರ ಕೆಳಗಿನ ಬಟ್ಟೆ ಒದ್ದೆಯಾಯಿತು. ತಾಯಿ ಆ ಬಟ್ಟೆಯನ್ನು ಎತ್ತಿ ನನಗೆ ತೋರಿಸಿದಳು. ನಾನು ಡಾಕ್ಟರ ಹತ್ತಿರ ಓಡಿ ಹೋಗಿ ಹೇಳಿದೆ. "ಛಲೋ ಆತು" ಅಂದರು ಅವರು. "ಆದ್ರ ಇನ್ನೊಂದು ದಿನ ನೋಡೂಣು."

ಇನ್ನೊಂದು ದಿನ ನೋಡೋಣ ಎಂದರೆ ಏನರ್ಥ ಎಂದು ಬೆಳಗೆಲ್ಲ ತಲೆ ಕೆಡಿಸಿಕೊಂಡೆ. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಅಜ್ಜಿಯೊಬ್ಬಳು ತಟ್ಟೆ ಹಿಡಿದು ಎದ್ದು, "ಊಟದ ಗಾಡಿ ಬಂತು, ಬರ್ರಿ" ಅಂದಳು. ನಾವಿಬ್ಬರೂ ಹಿಂದಿನ ಮಧ್ಯಾಹ್ನದಿಂದ ಚಹಾ ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ಮಗುವನ್ನು ಅಜ್ಜಿಯ ಸೊಸೆಗೆ ಒಪ್ಪಿಸಿ ಹೊರಗೆ ಹೋದೆವು. ಆಸ್ಪತ್ರೆಯ ಗೇಟಿನ ಹೊರಗೆ ತಳ್ಳುಗಾಡಿಯ ಮೇಲೆ ಎರಡು ಪಾತ್ರೆ ಇಟ್ಟುಕೊಂಡು, ತಲೆಯ ಮೇಲೆ ದುಪಟ್ಟಾ ಹೊದ್ದ ನಡುವಯಸ್ಸಿನ ಹೆಂಗಸೊಬ್ಬರು ಬಡಿಸುತ್ತಿದ್ದರು. ಮಾರ್ಕೆಟ್ಟಿನಲ್ಲಿ ಅವರ ಮನೆಯವರ ಬಾಳೆಹಣ್ಣಿನ ಅಂಗಡಿ ಇದೆ ಎಂದು ಆಮೇಲೆ ಗೊತ್ತಾಯಿತು. ಬಿಸಿ ಖಿಚಡಿ, ಮೇಲೆ ಹುಣಸೆಹುಳಿಯ ಖಟ್ಟಾ. ಎಲ್ಲರೂ ಅವರನ್ನು ಖಾಲಾ ಎನ್ನುತ್ತಿದ್ದರು.

ನಾನು ಸಾಲಿನಲ್ಲಿ ನಿಂತೆ. ಹಿಂದೆ ಮುಂದೆ ಜನ. ನನ್ನ ಶಾಲೆಯ ಸೀರೆ, ಕೈಯಲ್ಲಿ ಗಡಿಯಾರ. ಯಾರಾದರೂ ಪರಿಚಯದವರು ನೋಡಿದರೆ ಎಂಬ ಅಳುಕು ಎದ್ದಿತು. ಹಸಿವಿಗಿಂತ ಅದೇ ದೊಡ್ಡದಾಗಿತ್ತು. ನನ್ನ ಸರದಿ ಬಂದಾಗ ತಟ್ಟೆಯನ್ನು ಎಷ್ಟು ಮುಂದೆ ಚಾಚಬೇಕು ಎಂಬುದೂ ತಿಳಿಯಲಿಲ್ಲ. ಖಾಲಾ ನನ್ನ ಮುಖ ನೋಡದೆ ತಟ್ಟೆಯನ್ನಷ್ಟೇ ನೋಡಿ ಬಡಿಸಿದರು. ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ಗೋಡೆಯ ನೆರಳಿನಲ್ಲಿ ಕೂತೆವು. ತಾಯಿ ನಾಲ್ಕು ತುತ್ತು ತಿಂದಳು. ಆಮೇಲೆ ಅತ್ತಿತ್ತ ನೋಡಿ, ಸೊಂಟದಿಂದ ಪ್ಲಾಸ್ಟಿಕ್ ಚೀಲ ತೆಗೆದು ಉಳಿದ ಖಿಚಡಿಯನ್ನು ಅದರೊಳಗೆ ಜಾರಿಸತೊಡಗಿದಳು. ನಾನು "ಬ್ಯಾಡ" ಎನ್ನುವಷ್ಟರಲ್ಲಿ ಖಾಲಾ ಸೌಟು ಹಿಡಿದೇ ಬಂದು ಮುಂದೆ ನಿಂತಿದ್ದರು.

"ಏ ಬೇಟಿ, ಯಾಕ ಕಟ್ಟಾಕತ್ತಿ?"

"ಸಂಜಿಗ್ರಿ."

"ಸಂಜಿಗೆ ನಾ ಬರ್ತೀನಲ್ಲ. ಏಳು ಗಂಟಿಗೆ. ದಿನಾ ಬರ್ತೀನಿ. ಕೇಳು ಬೇಕಾದ್ರ." ಹಿಂದೆ ಕೂತಿದ್ದ ಮುದುಕನ ಕಡೆ ಕೈ ತೋರಿಸಿದರು. ಮುದುಕ ಬಾಯಲ್ಲಿ ತುತ್ತಿಟ್ಟುಕೊಂಡೇ ಹೌದೆಂದು ತಲೆಯಾಡಿಸಿದ. "ಈಗ ಬಿಸಿ ಅದ, ಪೂರಾ ಉಣ್ಣು."

ಅವಳು ಚೀಲ ಹಿಡಿದು ಕೂತೇ ಇದ್ದಳು. ಖಾಲಾ ಒತ್ತಾಯ ಮಾಡಲಿಲ್ಲ, ಪಾಠ ಹೇಳಲಿಲ್ಲ, ಗಾಡಿಯ ಕಡೆ ಹೋದರು. ಮಧ್ಯಾಹ್ನದ ಚೀಲವನ್ನು ಅವಳು ಹಾಗೆಯೇ ಇಟ್ಟುಕೊಂಡಳು. ನಾಲ್ಕು ಗಂಟೆಗೆ ಅವಳಿಗೆ ಹೇಳದೆ ನಾನು ಅದನ್ನು ತೆಗೆದು ಹೊರಗೆ ಹಾಕಿದೆ. ಅವಳು ಹುಡುಕುವುದನ್ನು ನೋಡಿದರೂ ಬಾಯಿ ಬಿಡಲಿಲ್ಲ. ಏಳಕ್ಕೆ ಗಾಡಿ ಬಂತು. ಮರುದಿನ ಬೆಳಗ್ಗೆ ಬಂತು, ಮಧ್ಯಾಹ್ನ ಬಂತು. ಮೂರನೆಯ ದಿನ ಮಧ್ಯಾಹ್ನ ಅವಳು ತಟ್ಟೆಯನ್ನು ಬೆರಳಿನಿಂದ ಒರೆಸಿ ಉಂಡಳು.

ಆ ದಿನ ನಾನು ಖಾಲಾನ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಪಲಾವ್, ಡಬ್ಬಿ, ನಾನು ಬಾಯಿ ಮುಚ್ಚಿ ನಿಂತದ್ದು. ಅವರು ಪಾತ್ರೆ ತಿಕ್ಕುತ್ತ ಕೇಳಿದರು. "ನಾನೂ ಮೊದಲು ಹಬ್ಬಕ್ಕ, ಶುಕ್ರವಾರದ ಜುಮ್ಮಾಕ್ಕ ಕೊಡ್ತಿದ್ದೆ" ಅಂದರು. "ಆವಾಗ ಎಲ್ಲಾರೂ ಕಟ್ಟಿಕೊಂಡು ಹೋಗ್ತಿದ್ರು. ನನಗ ಸಿಟ್ಟು ಬರ್ತಿತ್ತು, ಆಸೆಬುರುಕರು ಅಂತ. ಕಮ್ಮಿ ಕೊಡು, ಆದ್ರ ದಿನಾ ಕೊಡು, ಮೇಡಂ. ಆಗ ಕಟ್ಟೂದಿಲ್ಲ."

"ಒಂದು ದಿನ ಕೊಡಾಕ ಆಗಲಿಲ್ಲ ಅಂದ್ರ?"

"ಅದೇ ಫಿಕರ್" ಎಂದು ನಕ್ಕರು. "ನನಗ ಜ್ವರ ಬಂದ್ರ ನನ್ನ ಸೊಸಿಗೆ ಫಿಕರ್. ಅಕಿಗೆ ಬಂದ್ರ ನನಗ."

ನಾಲ್ಕನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ವಾಪಸ್ಸು ಬಸ್ಸಿನಲ್ಲಿ ಅದು ಕಿಟಕಿ ಬೇಕೆಂದು ಹಟ ಮಾಡಿತು. ಆ ಹಟ ಕೇಳಿ ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ. ಹೆಡ್‌ಮಾಸ್ಟರಿಗೆ ನಡೆದದ್ದನ್ನು ನಾನೇ ಬರೆದು ಕೊಟ್ಟೆ. ಅವರು ಓದಿ, ಮಡಿಚಿ, ಡ್ರಾಯರಿನಲ್ಲಿ ಹಾಕಿದರು. ಅದು ಮುಂದೆ ಎಲ್ಲಿಗಾದರೂ ಹೋಗುತ್ತದೆಯೇ ಎಂದು ತಿಂಗಳುಗಟ್ಟಲೆ ಕಾದೆ. ಹೋಗಲಿಲ್ಲ.

ಮದುವೆ ಅನ್ನ ತರುವುದನ್ನು ನಿಲ್ಲಿಸಿದೆವು. ಚಾಚಾ, ಅವ್ವ, ನಾನು ಮೂವರೂ ನಮ್ಮ ಪಡಸಾಲೆಯಲ್ಲಿ ಕೂತು ಯೋಚಿಸಿದೆವು. ಇಡೀ ಶೆಡ್ಡಿಗೆ ದಿನಾ ಹಾಕುವ ಶಕ್ತಿ ನಮಗಿರಲಿಲ್ಲ. "ಸಣ್ಣ ಮಕ್ಕಳಿಗೆ ಅಷ್ಟೇ" ಅಂದಳು ಅವ್ವ. "ಹನ್ನೊಂದು ಮಕ್ಕಳು. ಅಷ್ಟು ನನ್ನ ಒಲಿ ಮ್ಯಾಲ ಆಗ್ತದ." ಆವತ್ತಿನಿಂದ ಅವ್ವ ದಿನಾ ಹತ್ತೂವರೆಗೆ ಬೇಳೆ ಹಾಕಿದ ಮೆತ್ತನೆಯ ಅನ್ನವನ್ನೋ ಉಪ್ಪಿಟ್ಟನ್ನೋ ಮಾಡುತ್ತಿದ್ದಳು. ಚಾಚಾನ ಗಾಡಿ ಅವಳನ್ನು ಶೆಡ್ಡಿಗೆ ಬಿಡುತ್ತಿತ್ತು. ಅಲ್ಲೇ ಮಕ್ಕಳನ್ನು ಸುತ್ತ ಕೂರಿಸಿ, ಕೈ ತೊಳೆಸಿ, ಎದುರಿಗೆ ಉಣ್ಣಿಸಿ, ಪಾತ್ರೆ ಖಾಲಿ ಮಾಡಿಕೊಂಡು ಬರುತ್ತಿದ್ದಳು. ಬಡಿಸುವ ಮೊದಲು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ, ಮೂಸಿ, ತಾನು ತಿಂದು ನೋಡುತ್ತಿದ್ದಳು. ತಾನೇ ಅರ್ಧ ತಾಸಿನ ಹಿಂದೆ ಬೇಯಿಸಿದ್ದನ್ನೂ.

ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಪ್ರತಿ ದಿನ ಎರಡನೇ ಪೀರಿಯಡ್ಡು ಮುಗಿದ ಕೂಡಲೇ ಫೋನ್ ನೋಡುತ್ತಿದ್ದೆ. ಅವ್ವನಿಗೆ ಮೊಣಕಾಲು ನೋವು ಬಂದ ದಿನ ನಾನೇ ಬೆಳಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮಾಡಿಡಲು ಹೋದಾಗ ಅವಳು ಬೈದಳು: "ನಾಕಕ್ಕ ಮಾಡಿ ಹನ್ನೊಂದಕ್ಕ ಉಣ್ಣಸ್ತೀಯೇನು? ಮತ್ತ ಅದನ್ನೇ ಮಾಡ್ತಿ." ಅವತ್ತು ಚಾಚಾನ ಮನೆಯವರು ಬಂದು ಬೇಯಿಸಿದರು. ಹೀಗೆ ಒಬ್ಬರ ಜ್ವರಕ್ಕೆ ಇನ್ನೊಬ್ಬರು ಹೆಗಲು ಕೊಡುತ್ತ, ಬೇಸಿಗೆ ಕಳೆಯಿತು, ಮಳೆಗಾಲ ಬಂತು. ಒಂದು ದಿನವೂ ತಪ್ಪಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ತಪ್ಪಿತು. ಆ ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ರಸ್ತೆ ಕೆಲಸ ಮುಂದಕ್ಕೆ ಸರಿಯಿತು. ಒಂದು ಸೋಮವಾರ ಅವ್ವ ಪಾತ್ರೆಯೊಂದಿಗೆ ಹೋದಾಗ ಹೆಂಗಸರು ತಗಡು ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಮಾನ್ವಿ ತಾಲೂಕಿಗೆ, ಬಾಗಲವಾಡದ ಹತ್ತಿರಕ್ಕೆ ಹೋಗುತ್ತೇವೆ ಎಂದರಂತೆ. ಅಲ್ಲಿಗೆ ದಿನಾ ಹೋಗಲು ನಮ್ಮಿಂದಾಗುತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ನನಗೆ ಹಿರೇಕೊಟ್ನೆಕಲ್‌ನ ಗೆಳತಿಯ ನೆನಪಾಯಿತು. ಮಾನ್ವಿಯಲ್ಲಿ ನನ್ನ ಜೊತೆ ಓದಿದವಳು, ಬಾಗಲವಾಡಕ್ಕೆ ಸೊಸೆಯಾಗಿ ಹೋಗಿದ್ದಳು. ಆರೇಳು ವರ್ಷದಿಂದ ಮಾತೇ ಇರಲಿಲ್ಲ. ಅವರಿವರ ಹತ್ತಿರ ನಂಬರು ಪಡೆದು ಫೋನ್ ಮಾಡಿ, ಕ್ಷೇಮ ಸಮಾಚಾರ ಮುಗಿಯುವ ಮೊದಲೇ ವಿಷಯ ಹೇಳಿದೆ.

"ಎಷ್ಟು ಮಕ್ಕಳು?"

"ಹನ್ನೊಂದು."

"ಎಷ್ಟು ದಿನ?"

"ಗೊತ್ತಿಲ್ಲ. ಅವರು ಇರೂತನಾ."

ಆ ಕಡೆಯಿಂದ ಎಮ್ಮೆ ಕೂಗುವುದು ಕೇಳಿಸಿತು. "ನಮ್ಮತ್ತಿನ್ನ ಕೇಳಿ ಹೇಳ್ತೀನಿ" ಎಂದು ಇಟ್ಟಳು. ಆಮೇಲೆ ಅವಳ ಫೋನು ಬರಲಿಲ್ಲ. ಮಂಗಳವಾರ, ಬುಧವಾರ, ಗುರುವಾರ ಕಾದೆ. ಮತ್ತೆ ಮಾಡಲು ಸಂಕೋಚ. ಒತ್ತಾಯ ಮಾಡಿದಂತಾಗುತ್ತದೆ, ಇಲ್ಲ ಅನ್ನಲು ಅವಳಿಗೂ ಕಷ್ಟ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದೆ.

ಶೆಡ್ಡುಗಳು ಊರಿಗಿಂತ ಸ್ವಲ್ಪ ಮೊದಲೇ, ರಸ್ತೆಯ ಪಕ್ಕದಲ್ಲೇ ಇದ್ದವು. ಕಂಡಕ್ಟರಿಗೆ ಹೇಳಿ ಅಲ್ಲೇ ಇಳಿದೆ. ದೊಡ್ಡವರೆಲ್ಲ ಕೆಲಸಕ್ಕೆ ಹೋಗಿದ್ದರು. ಹೊಸದಾಗಿ ಬಂದ ಮುದುಕಿಯೊಬ್ಬಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ನನ್ನ ಪರಿಚಯ ಅವಳಿಗಿರಲಿಲ್ಲ.

"ಯಾರ್ ಬೇಕಿತ್ರಿ?"

"ಮಕ್ಕಳು ಉಂಡಾವೇನು?" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಉಂಡಾವ್ರಿ. ಊರಾಗಿಂದ ಅತ್ತಿ ಸೊಸಿ ಬರ್ತಾರ. ಈಗ ಹೋದ್ರು."

ಆ ಸ್ಟೀಲ್ ಡಬ್ಬಿಯವಳ ಮಗು ಅಲ್ಲೇ ಇತ್ತು. ಜಲ್ಲಿಯ ರಾಶಿಯ ಮೇಲೆ ಹತ್ತಿ ಜಾರಿ ಬೀಳುತ್ತಿತ್ತು, ಮತ್ತೆ ಹತ್ತುತ್ತಿತ್ತು. ಹೆಸರು ಹಿಡಿದು ಕರೆದೆ. ತಿರುಗಿ ನೋಡಿತು. ಗುರುತು ಸಿಗಲಿಲ್ಲವೋ ಏನೋ, ಮತ್ತೆ ರಾಶಿ ಹತ್ತಲು ಹೋಯಿತು. ಮೊಣಕೈ ತರಚುತ್ತದೆ ಎಂದು ಮುದುಕಿ ಗದರಿದಳು. ನಾನು ರಸ್ತೆಯಾಚೆ ಹೋಗಿ, ವಾಪಸ್ಸು ಬಸ್ಸಿಗೆ ಕಾಯುತ್ತ ನಿಂತೆ.